ಬೆಳೆಯುವ ಮಗುವಿಗೆ ಎಂಥ ಬಿಲ್ಲು?

ಮಗ ಕ್ರಿಕೆಟ್ ಬ್ಯಾಟು ಕೇಳಿದರೆ ಅಪ್ಪನಿಗೆ ಹೆಚ್ಚು ಯೋಚನೆಯಿಲ್ಲ. ಬಾಲ್ಯದಲ್ಲಿ ತೆಂಗಿನ ಮಟ್ಟೆಯನ್ನೇ ಬ್ಯಾಟು ಮಾಡಿಕೊಂಡು ಆಡಿದವರು ಅವರು. ಮಗಳು ಶಟಲ್ ರಾಕೆಟ್ ಕೇಳಿದರೂ ಅಷ್ಟೆ, ಅಂಗಡಿ ಗೊತ್ತು, ಬೆಲೆ ಗೊತ್ತು. ಆದರೆ ಒಂದು ಸಂಜೆ ಶಾಲೆಯಿಂದ ಬಂದ ಮಗು ‘ಅಪ್ಪಾ, ನಾನು ಆರ್ಚರಿ ಕಲೀಬೇಕು, ಬಿಲ್ಲು ಕೊಡಿಸ್ತೀಯಾ?’ ಎಂದುಬಿಟ್ಟರೆ? ಅಪ್ಪ ಅಮ್ಮನ ಮುಖ ನೋಡುತ್ತಾರೆ, ಅಮ್ಮ ಅಪ್ಪನ ಮುಖ ನೋಡುತ್ತಾರೆ. ಅವರಿಗೆ ಗೊತ್ತಿರುವ ಬಿಲ್ಲು ಯಕ್ಷಗಾನದ್ದು, ಟಿ.ವಿ. ರಾಮಾಯಣದ್ದು, ಇಲ್ಲವೇ ಜಾತ್ರೆಯಲ್ಲಿ ಸಿಗುವ ಬಿದಿರುಕಡ್ಡಿಯದು.

ಮಕ್ಕಳು ಹೀಗೆ ಕೇಳುವುದರಲ್ಲಿ ಆಶ್ಚರ್ಯವೇನಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ಬಿಲ್ಲಿನ ಐದಕ್ಕೆ ಐದೂ ಚಿನ್ನದ ಪದಕಗಳು ಭಾರತದ ಪಾಲಾದವು. ಅದೇ ವರ್ಷ ಮಹಾರಾಷ್ಟ್ರದ ಸಾತಾರಾದ ಅದಿತಿ ಸ್ವಾಮಿ ಹದಿನೇಳನೆಯ ವಯಸ್ಸಿನಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹರ್ವಿಂದರ್ ಸಿಂಗ್ ಚಿನ್ನ ಗೆದ್ದರು. ಹುಟ್ಟಿನಿಂದಲೇ ತೋಳುಗಳಿಲ್ಲದ, ಕಾಲಿನಿಂದ ಬಿಲ್ಲು ಹಿಡಿಯುವ ಶೀತಲ್ ದೇವಿ ಅಲ್ಲಿಯೇ ರಾಕೇಶ್ ಕುಮಾರ್ ಜೊತೆಗೂಡಿ ಮಿಶ್ರ ತಂಡ ವಿಭಾಗದಲ್ಲಿ ಕಂಚು ತಂದರು. ಇದನ್ನೆಲ್ಲ ಟಿ.ವಿ.ಯಲ್ಲಿ ಕಂಡ ಮಗು ಬಿಲ್ಲು ಬೇಕೆಂದರೆ ಅದು ಬರಿಯ ಹಟವಲ್ಲ.

ಕಷ್ಟ ಶುರುವಾಗುವುದು ಕೊಳ್ಳುವಾಗ. ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ಶಾಲೆಯ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸುವುದು, ಬೂಟನ್ನು ಒಂದು ನಂಬರ್ ಹೆಚ್ಚಿಗೆ ತರುವುದು, ಸೈಕಲ್ಲನ್ನೂ ಕಾಲು ನೆಲಕ್ಕೆ ಎಟುಕುವ ಮುನ್ನವೇ ಕೊಡಿಸುವುದು. ‘ಬೆಳೆಯೋ ಮಗು, ಎರಡು ವರ್ಷ ಬರುತ್ತೆ’ ಎನ್ನುವ ಮಾತಿನಲ್ಲಿ ಪ್ರೀತಿಯೂ ಇದೆ, ಉಳಿತಾಯವೂ ಇದೆ. ಬಟ್ಟೆಯ ವಿಷಯದಲ್ಲಿ ಈ ಲೆಕ್ಕ ಸರಿ. ಬಿಲ್ಲಿನ ವಿಷಯದಲ್ಲಿ ಮಾತ್ರ ಇದೇ ಲೆಕ್ಕ ಮಗುವಿನ ಭುಜವನ್ನು ನೋಯಿಸಬಹುದು, ಆಟದ ಮೇಲಿನ ಆಸೆಯನ್ನೇ ಕೊಲ್ಲಬಹುದು. ಒಂದು ಅಳತೆ ದೊಡ್ಡದಾದ ಅಂಗಿಯೊಳಗೆ ಮಗು ನಿಧಾನವಾಗಿ ಬೆಳೆಯುತ್ತದೆ. ಒಂದು ಅಳತೆ ದೊಡ್ಡದಾದ ಬಿಲ್ಲು ಮೂರು ತಿಂಗಳಲ್ಲಿ ಅಟ್ಟ ಸೇರುತ್ತದೆ.

ಮೊದಲು ಮೈದಾನ, ಆಮೇಲೆ ಅಂಗಡಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕಲಿಕೆಯ ಮೊದಲ ಎರಡು ಮೂರು ತಿಂಗಳು ಸ್ವಂತ ಬಿಲ್ಲಿನ ಅಗತ್ಯವೇ ಇಲ್ಲ. ತರಬೇತಿ ಕೇಂದ್ರಗಳಲ್ಲಿ ಹೊಸಬರಿಗೆಂದೇ ಹಗುರವಾದ ಬಿಲ್ಲುಗಳನ್ನು ಇಟ್ಟಿರುತ್ತಾರೆ. ಅವುಗಳಲ್ಲಿ ಅಭ್ಯಾಸ ಮಾಡಿದರೆ ಎರಡು ಲಾಭ. ಮೊದಲನೆಯದು, ಮಗುವಿನ ಆಸೆ ನಿಜವೋ ಅಥವಾ ರಜೆಯ ಉತ್ಸಾಹವೋ ಎಂಬುದು ತಿಳಿಯುತ್ತದೆ. ಎರಡನೆಯದು, ಮಗುವಿನ ಅಳತೆಗಳು ನೆಲೆಗೊಳ್ಳುತ್ತವೆ. ಮೊದಲ ದಿನ ಹೆದೆಯನ್ನು ಎದೆಯವರೆಗೆ ಮಾತ್ರ ಎಳೆಯುವ ಮಗು, ನಿಲ್ಲುವ ಭಂಗಿ ಕಲಿತ ಮೇಲೆ ಗದ್ದದವರೆಗೆ ಎಳೆಯುತ್ತದೆ. ಈ ವ್ಯತ್ಯಾಸ ಎರಡು ಇಂಚಿನಷ್ಟಾದರೂ ಇರಬಹುದು. ಭಂಗಿ ಕಲಿಯುವ ಮುನ್ನ ತೆಗೆದ ಅಳತೆಗೆ ಕೊಂಡ ಬಿಲ್ಲು, ಕಲಿತ ಮೇಲೆ ಸರಿಹೊಂದುವುದಿಲ್ಲ.

ಈ ಆಟದಲ್ಲಿ ಜಗತ್ತಿಗೇ ಮುಂದಿರುವ ದಕ್ಷಿಣ ಕೊರಿಯಾದಲ್ಲಿ ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಬಿಲ್ಲುಗಾರಿಕೆಗೆ ಸೇರುತ್ತಾರೆ. ಅಲ್ಲಿಯೂ ಮೊದಲು ಕಲಿಸುವುದು ನಿಲ್ಲುವುದನ್ನು, ತೋಳು ಚಾಚುವುದನ್ನು, ಬೆನ್ನಿನಿಂದ ಎಳೆಯುವುದನ್ನು. ಬಾಣ ಬರುವುದು ಆಮೇಲೆ. 1988ರ ಸೋಲ್ ಒಲಿಂಪಿಕ್ಸ್‌ನಿಂದ 2024ರ ಪ್ಯಾರಿಸ್‌ವರೆಗೆ ಮಹಿಳಾ ತಂಡ ವಿಭಾಗದ ಚಿನ್ನವನ್ನು ಸತತವಾಗಿ ಹತ್ತು ಬಾರಿ ಗೆದ್ದ ದೇಶ ಅದು. ಅಂಥವರಿಗೇ ಇಲ್ಲದ ಅವಸರ ನಮ್ಮ ಮಕ್ಕಳಿಗೇಕೆ?

ಮೂರು ಬಗೆಯ ಬಿಲ್ಲು

ನಮ್ಮ ದೇಶದ ಸ್ಪರ್ಧೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಬಿಲ್ಲುಗಳು ಕಾಣಸಿಗುತ್ತವೆ.

ಮೊದಲನೆಯದು ಬಿದಿರಿನ ಬಿಲ್ಲು. ‘ಇಂಡಿಯನ್ ರೌಂಡ್’ ಎಂಬ ವಿಭಾಗದಲ್ಲಿ ಇದನ್ನು ಬಳಸಿ 50 ಮತ್ತು 30 ಮೀಟರ್ ದೂರದ ಗುರಿಗೆ ಬಾಣ ಬಿಡುತ್ತಾರೆ. ಉಳಿದೆರಡಕ್ಕಿಂತ ಬೆಲೆ ಬಹಳ ಕಡಿಮೆ. ಯಂತ್ರದ ಸಹಾಯವಿಲ್ಲ, ಕಣ್ಣು ಮತ್ತು ಕೈಗಳೇ ಎಲ್ಲ. ರಾಜಸ್ಥಾನದ ಉದಯಪುರ ಸೀಮೆಯ ಬುಡಕಟ್ಟು ಹುಡುಗ ಲಿಂಬಾ ರಾಮ್ ಕೈಯಲ್ಲಿ ಮೊದಲು ಇದ್ದದ್ದು ಬಿದಿರಿನ ಬಿಲ್ಲೇ. ಅವರು 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ದೇಶವನ್ನು ಪ್ರತಿನಿಧಿಸಿದರು.

ಎರಡನೆಯದು ರಿಕರ್ವ್. ತುದಿಗಳು ಮುಂದಕ್ಕೆ, ಅಂದರೆ ಗುರಿಯ ಕಡೆಗೆ ಬಾಗಿರುವ ಬಿಲ್ಲು ಇದು. ಹೆದೆ ಎಳೆದಾಗ ಆ ಬಾಗು ಬಿಚ್ಚಿಕೊಳ್ಳುತ್ತದೆ, ಬಿಟ್ಟಾಗ ಮತ್ತೆ ಸೆಟೆದು ಬಾಣಕ್ಕೆ ಹೆಚ್ಚಿನ ವೇಗ ಕೊಡುತ್ತದೆ. ಒಲಿಂಪಿಕ್ಸ್‌ನಲ್ಲಿ 2024ರವರೆಗೂ ಇದೊಂದಕ್ಕೇ ಅವಕಾಶವಿತ್ತು. ಅಲ್ಲಿ ಗುರಿಯಿರುವುದು 70 ಮೀಟರ್ ದೂರದಲ್ಲಿ. ಫಲಕದ ಅಗಲ 122 ಸೆಂ.ಮೀ. ನಡುವಿನ ಹತ್ತು ಅಂಕದ ವೃತ್ತ ಕೇವಲ 12.2 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಕಾಫಿ ಬಸಿಯಷ್ಟು!

ಮೂರನೆಯದು ಕಾಂಪೌಂಡ್. ಎರಡು ತುದಿಗಳಲ್ಲೂ ಗಾಲಿಗಳು, ಅವುಗಳಿಗೆ ಸುತ್ತಿದ ಹುರಿಗಳು. 1960ರ ದಶಕದಲ್ಲಿ ಅಮೆರಿಕದ ಹೋಲ್ಲೆಸ್ ಆಲೆನ್ ಎಂಬಾತ ರೂಪಿಸಿದ ಬಿಲ್ಲು ಇದು. ಎಳೆಯುವಾಗ ಮೊದಲು ಭಾರ ಏರುತ್ತದೆ. ಗಾಲಿ ತಿರುಗಿದ ಮೇಲೆ ಭಾರದ ಬಹುಪಾಲು ಇಳಿದುಹೋಗುತ್ತದೆ. ಆದ್ದರಿಂದ ನಿಧಾನವಾಗಿ, ನೆಮ್ಮದಿಯಿಂದ ಗುರಿ ನೋಡಬಹುದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯನ್ನು ಸೇರಿಸಲಾಗಿದೆ. ಈ ಸುದ್ದಿಯಿಂದ ಕಾಂಪೌಂಡ್ ಕೇಳುವ ಮಕ್ಕಳ ಸಂಖ್ಯೆ ಹೆಚ್ಚಿದರೆ ಅಚ್ಚರಿಯಿಲ್ಲ.

ಹಾಗಾದರೆ ಹೊಸಬರಿಗೆ ಯಾವುದು? ಹತ್ತಿರದಲ್ಲಿ ಕಲಿಸುವವರು ಯಾವುದನ್ನು ಕಲಿಸುತ್ತಾರೋ ಅದು ಎಂಬುದೇ ಪ್ರಾಮಾಣಿಕ ಉತ್ತರ. ಗುರುವಿಲ್ಲದ ಬಿಲ್ಲಿನಿಂದ ಏಕಲವ್ಯನೊಬ್ಬ ಕಲಿತ, ಎಲ್ಲರೂ ಕಲಿಯಲಾರರು. ಆಯ್ಕೆ ಇದ್ದಲ್ಲಿ ಸರಳ ರಿಕರ್ವ್ ಅಥವಾ ಬಿದಿರಿನ ಬಿಲ್ಲಿನಿಂದ ಆರಂಭಿಸುವುದು ರೂಢಿ. ಕಾಂಪೌಂಡ್ ಬಿಲ್ಲಿನ ಎಳೆತದ ಉದ್ದವನ್ನು ಯಂತ್ರದಲ್ಲೇ ನಿಗದಿ ಮಾಡಿರಬೇಕು. ಅದರ ಹುರಿ ಬದಲಾಯಿಸಲು ಬೇರೆಯೇ ಸಲಕರಣೆ ಬೇಕು. ಊರಿನಲ್ಲಿ ಅದನ್ನು ರಿಪೇರಿ ಮಾಡುವವರು ಯಾರಿದ್ದಾರೆ ಎಂದು ಕೇಳಿಕೊಂಡೇ ಮುಂದುವರಿಯುವುದು ಕ್ಷೇಮ.

ಬಲಗೈಯೋ, ಬಲಗಣ್ಣೋ?

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ: ‘ಮಗು ಬಲಗೈಯೋ ಎಡಗೈಯೋ?’ ಬರೆಯುವ ಕೈಯನ್ನು ನೆನೆದು ತಂದೆ-ತಾಯಿ ಉತ್ತರಿಸಿಬಿಡುತ್ತಾರೆ. ಆದರೆ ಬಿಲ್ಲಿನಲ್ಲಿ ಕೈಗಿಂತ ಕಣ್ಣು ಮುಖ್ಯ. ಎರಡು ಕಣ್ಣುಗಳಲ್ಲಿ ಒಂದು ಗುರಿ ಹಿಡಿಯುವಾಗ ಯಜಮಾನಿಕೆ ವಹಿಸುತ್ತದೆ. ಅದು ಯಾವುದು ಎಂದು ತಿಳಿಯಲು ವೈದ್ಯರ ಬಳಿಗೇನೂ ಹೋಗಬೇಕಿಲ್ಲ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈಗಳನ್ನು ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿಕೊಳ್ಳಬೇಕು. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ಎದುರು ಗೋಡೆಯ ಗಡಿಯಾರವನ್ನು ನೋಡಬೇಕು. ಕೈ ಕದಲಿಸದೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಯಜಮಾನ ಕಣ್ಣು.

ಬಲಗಣ್ಣಿನವರು ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈಯಿಂದ ಹೆದೆ ಎಳೆಯುತ್ತಾರೆ. ಇದಕ್ಕೆ ಬಲಗೈ ಬಿಲ್ಲು ಎಂದು ಹೆಸರು. ಎಡಗಣ್ಣಿನವರಿಗೆ ಎಡಗೈ ಬಿಲ್ಲು. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಣ್ಣು ಯಜಮಾನನಾಗಿರುವುದೂ ಉಂಟು. ಅಂಥ ಮಗುವಿಗೆ ಆರಂಭದಲ್ಲೇ ಎಡಗೈ ಬಿಲ್ಲು ಕೊಡಬೇಕೆ, ಕಣ್ಣು ಮುಚ್ಚಿ ರೂಢಿಸಬೇಕೆ ಎಂಬುದನ್ನು ತರಬೇತುದಾರರ ಜೊತೆ ಕುಳಿತು ತೀರ್ಮಾನಿಸಬೇಕು. ಎರಡೂ ಕೈಗಳಿಂದ ಬಾಣ ಬಿಡಬಲ್ಲ ಅರ್ಜುನನಿಗೆ ಸವ್ಯಸಾಚಿ ಎಂಬ ಬಿರುದೇ ಬಂತು. ಉಳಿದವರಿಗೆ ಒಂದು ಕೈ ಸಾಕು, ಅದು ಸರಿಯಾದ ಕೈ ಆಗಿರಬೇಕು ಅಷ್ಟೆ. ಎಡಗೈ ಬಿಲ್ಲು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ‘ಇದನ್ನೇ ರೂಢಿ ಮಾಡ್ಕೊಳ್ಳಿ ಸಾರ್’ ಎಂದು ಬಲಗೈ ಬಿಲ್ಲನ್ನು ದಾಟಿಸುವವರೂ ಇರುತ್ತಾರೆ. ಬಾಣ ಕೂರುವ ಜಾಗವನ್ನು ಒಂದೇ ಬದಿಯಲ್ಲಿ ಕೊರೆದಿರುವುದರಿಂದ ಆ ಬಿಲ್ಲನ್ನು ತಿರುಗಿಸಿ ಹಿಡಿಯಲು ಬರುವುದಿಲ್ಲ. ಕಾಯುವುದೇ ಲೇಸು.

ಭಾರವೇ ಎಲ್ಲಕ್ಕಿಂತ ಮುಖ್ಯ

ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ಬೆರಳುಗಳ ಮೇಲೆ ಬೀಳುವ ಭಾರಕ್ಕೆ ಎಳೆತದ ಭಾರ ಎನ್ನಬಹುದು. ಇದನ್ನು ಪೌಂಡುಗಳಲ್ಲಿ ಹೇಳುತ್ತಾರೆ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಒಲಿಂಪಿಕ್ಸ್ ಮಟ್ಟದ ಪುರುಷರು 45ರಿಂದ 50 ಪೌಂಡ್ ಆಸುಪಾಸಿನ, ಮಹಿಳೆಯರು 40 ಪೌಂಡ್ ಆಸುಪಾಸಿನ ಬಿಲ್ಲು ಎಳೆಯುತ್ತಾರೆ. ಇದನ್ನು ಎಲ್ಲೋ ಓದಿದ ತಂದೆ ‘ಹಾಗಾದರೆ ನಮ್ಮ ಹುಡುಗನಿಗೆ 30 ಆದರೂ ಇರಲಿ’ ಎಂದುಕೊಳ್ಳುವುದು ಸಹಜ. ಅಲ್ಲಿಯೇ ಎಡವಟ್ಟಾಗುವುದು.

ಸಣ್ಣ ಲೆಕ್ಕ ಹಾಕೋಣ. ಒಂದು ಸಂಜೆಯ ಅಭ್ಯಾಸದಲ್ಲಿ ಮಗು 100 ಬಾಣ ಬಿಡುತ್ತದೆ ಎಂದಿಟ್ಟುಕೊಂಡರೆ, 15 ಪೌಂಡಿನ ಬಿಲ್ಲಿನಲ್ಲಿ ಅದು ಎಳೆಯುವ ಒಟ್ಟು ಭಾರ ಸುಮಾರು ಏಳು ಕ್ವಿಂಟಲ್. 30 ಪೌಂಡಿನ ಬಿಲ್ಲಿನಲ್ಲಿ ಹದಿಮೂರೂವರೆ ಕ್ವಿಂಟಲ್! ಅದೂ ಇನ್ನೂ ಗಟ್ಟಿಯಾಗದ ಭುಜದ ಕೀಲುಗಳ ಮೇಲೆ.

ಭಾರ ಹೆಚ್ಚಾದಾಗ ಮೈ ತನ್ನದೇ ಉಪಾಯ ಹುಡುಕಿಕೊಳ್ಳುತ್ತದೆ. ಬೆನ್ನಿನ ಸ್ನಾಯುಗಳು ಮಾಡಬೇಕಾದ ಕೆಲಸವನ್ನು ತೋಳು ಮಾಡತೊಡಗುತ್ತದೆ. ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ. ಸೊಂಟ ಹಿಂದಕ್ಕೆ ವಾಲುತ್ತದೆ. ಹಿಡಿದು ನಿಲ್ಲಲಾರದೆ ಗುರಿ ಕಾಣುವ ಮೊದಲೇ ಬೆರಳು ಹೆದೆಯನ್ನು ಬಿಟ್ಟುಬಿಡುತ್ತದೆ. ಬಾಣ ಎಲ್ಲೆಲ್ಲೋ ಹೋಗುತ್ತದೆ. ಇವು ಅಭ್ಯಾಸವಾಗಿ ಬೇರೂರಿದರೆ ಬಿಡಿಸಲು ವರ್ಷಗಳೇ ಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಮಕ್ಕಳ ಮೇಲೆ ಪ್ರಯೋಗಿಸುವ ಮುನ್ನ ಹಿರಿಯರು ಯೋಚಿಸಬೇಕು. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿರಬಹುದು. ‘ನನ್ನ ಕೈಲಿ ಆಗಲ್ಲಮ್ಮ’ ಎಂದು ಮೈದಾನದಿಂದ ಅಳುತ್ತ ಬಂದ ಮಗುವಿಗೆ ಶಕ್ತಿ ಕಡಿಮೆಯಿರುವುದಿಲ್ಲ, ಕೈಗೆ ಕೊಟ್ಟ ಬಿಲ್ಲು ಹೆಚ್ಚಾಗಿರುತ್ತದೆ. ಜನಕನ ಆಸ್ಥಾನದಲ್ಲಿ ಎಂತೆಂಥ ರಾಜರೇ ಶಿವಧನುಸ್ಸಿನ ಮುಂದೆ ಸೋತು ಕುಳಿತರು. ಏಳನೆಯ ತರಗತಿಯ ಮಗುವಿಗೆ ಆ ಪರೀಕ್ಷೆ ಬೇಕಿಲ್ಲ.

ಸ್ಥೂಲವಾಗಿ ಹೇಳುವುದಾದರೆ, ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ 10ರಿಂದ 12 ಪೌಂಡ್, ಹನ್ನೊಂದರಿಂದ ಹದಿಮೂರರವರಿಗೆ 12ರಿಂದ 16, ಹೈಸ್ಕೂಲು-ಕಾಲೇಜಿನ ಹೊಸಬರಿಗೆ 16ರಿಂದ 22 ಪೌಂಡ್ ಸಾಕು. ಮೈಕಟ್ಟಿಗೆ ತಕ್ಕಂತೆ ಇದು ಆಚೀಚೆ ಆಗಬಹುದು. ಪರೀಕ್ಷಿಸುವ ಕ್ರಮವೂ ಸುಲಭ. ಮಗು ಬಿಲ್ಲನ್ನು ಆಕಾಶಕ್ಕೆ ಎತ್ತದೆ, ನೇರವಾಗಿ ಗುರಿಯ ಎದುರಿಗೇ ಹಿಡಿದು ಎಳೆಯಬೇಕು. ಗದ್ದದ ಬಳಿ ನಿಲ್ಲಿಸಿ ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಬೇಕು. ಆಮೇಲೆ ಹೆದೆಯನ್ನು ಬಿಡದೆ ಮೆಲ್ಲಗೆ ಹಿಂದಕ್ಕೆ ತರಬೇಕು. ಹೀಗೆ ನಾಲ್ಕೈದು ಸಲ ಮಾಡುವಾಗ ಕೈ ಗಡಗಡ ನಡುಗಿದರೆ ಆ ಬಿಲ್ಲು ಬೇಡ. ಮುಂದೆ ಭಾರ ಹೆಚ್ಚಿಸುವಾಗಲೂ ಒಮ್ಮೆಗೆ ಎರಡು ಪೌಂಡಿಗಿಂತ ಹೆಚ್ಚು ಏರಿಸದಿರುವುದು ಒಳ್ಳೆಯದು.

ಅಳತೆಯ ಲೆಕ್ಕ

ಬಿಲ್ಲಿನ ಮೇಲೆ ಬರೆದಿರುವ ಅಂಕಿಗೂ ಮಗುವಿನ ಕೈಗೆ ಬರುವ ಭಾರಕ್ಕೂ ವ್ಯತ್ಯಾಸವಿದೆ ಎಂಬುದು ಅನೇಕರಿಗೆ ತಿಳಿಯದು. ರಿಕರ್ವ್ ಬಿಲ್ಲಿನ ಮೇಲೆ 20 ಪೌಂಡ್ ಎಂದು ಬರೆದಿದ್ದರೆ, 28 ಇಂಚು ಎಳೆದಾಗ ಅಷ್ಟು ಎಂದರ್ಥ. ಚಿಕ್ಕ ತೋಳಿನ ಮಗು ಅಷ್ಟು ದೂರ ಎಳೆಯುವುದೇ ಇಲ್ಲ. ಕಡಿಮೆಯಾದ ಪ್ರತಿ ಇಂಚಿಗೆ ಭಾರವೂ ಒಂದರಿಂದ ಎರಡು ಪೌಂಡ್ ಇಳಿಯುತ್ತದೆ.

ಮಗುವಿನ ಎಳೆತದ ಉದ್ದವನ್ನು ಅಂದಾಜು ಮಾಡಲು ಮನೆಯಲ್ಲಿರುವ ದರ್ಜಿಯ ಟೇಪು ಸಾಕು. ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ನಿಲ್ಲಿಸಿ, ಒಂದು ನಡುಬೆರಳ ತುದಿಯಿಂದ ಇನ್ನೊಂದು ನಡುಬೆರಳ ತುದಿಯವರೆಗೆ ಅಳೆದು, ಎರಡೂವರೆಯಿಂದ ಭಾಗಿಸಬೇಕು. ತೋಳುಗಳ ಹರವು 155 ಸೆಂ.ಮೀ. ಇದ್ದರೆ, ಅಂದರೆ 61 ಇಂಚು ಇದ್ದರೆ, ಎಳೆತದ ಉದ್ದ ಸುಮಾರು ಇಪ್ಪತ್ತನಾಲ್ಕೂವರೆ ಇಂಚು. ಈ ಮಗು 20 ಪೌಂಡಿನ ಬಿಲ್ಲು ಹಿಡಿದರೆ ಅದರ ಬೆರಳಿಗೆ ಬರುವ ಭಾರ 13ರಿಂದ 16 ಪೌಂಡ್ ಮಾತ್ರ. ಇನ್ನೊಂದು ಮಾತನ್ನೂ ಮರೆಯಬಾರದು. ಮುಂದಿನ ವರ್ಷ ಮಗು ಎರಡು ಇಂಚು ಹೆಚ್ಚು ಎಳೆಯತೊಡಗಿದರೆ, ಅದೇ ಬಿಲ್ಲು ತಾನಾಗಿ ಎರಡು ಮೂರು ಪೌಂಡ್ ಭಾರವಾಗುತ್ತದೆ! ಹೀಗೆ ಬೆಳೆಯುವ ಮಗುವಿನ ಜೊತೆಗೆ ಬಿಲ್ಲೂ ಸ್ವಲ್ಪ ಬೆಳೆಯುವುದರಿಂದ ಮುಂಗಡವಾಗಿ ದೊಡ್ಡದನ್ನು ತರುವ ಅಗತ್ಯವೇ ಇಲ್ಲ.

ಬಿಲ್ಲಿನ ಒಟ್ಟು ಉದ್ದವೂ ಇದಕ್ಕೆ ಹೊಂದಬೇಕು. ಎಳೆತ 24 ಇಂಚಿಗಿಂತ ಕಡಿಮೆಯಿದ್ದರೆ 62-64 ಇಂಚಿನ ಬಿಲ್ಲು, 24ರಿಂದ 26 ಇದ್ದರೆ 64-66, 26ರಿಂದ 28 ಇದ್ದರೆ 66-68, ಅದಕ್ಕೂ ಮೇಲಾದರೆ 68-70 ಇಂಚು. ಬಿಲ್ಲು ತೀರ ಗಿಡ್ಡವಾದರೆ ಹೆದೆ ಕಡಿದಾದ ಕೋನದಲ್ಲಿ ಮಡಚಿಕೊಂಡು ಬೆರಳುಗಳನ್ನು ಹಿಂಡುತ್ತದೆ. ಎರಡರ ನಡುವೆ ಅನುಮಾನ ಬಂದರೆ ತುಸು ಉದ್ದದ್ದೇ ಇರಲಿ. ಉದ್ದ ಬಿಲ್ಲು ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ.

ಬಿಚ್ಚಿ ಜೋಡಿಸುವ ಬಿಲ್ಲು

ಬೆಳೆಯುವ ಮಗುವಿಗೆ ಒಂದೇ ತುಂಡಿನ ಬಿಲ್ಲಿಗಿಂತ ಬಿಚ್ಚಿ ಜೋಡಿಸುವ ಬಿಲ್ಲು ಮೇಲು. ಇದರಲ್ಲಿ ಕೈಯಲ್ಲಿ ಹಿಡಿಯುವ ನಡುಭಾಗ ಒಂದು. ಅದಕ್ಕೆ ರೈಸರ್ ಎನ್ನುತ್ತಾರೆ. ಮೇಲೆ ಕೆಳಗೆ ಸೇರಿಸುವ ಬಾಗುವ ಪಟ್ಟಿಗಳು ಎರಡು. ಅವು ಲಿಂಬ್. ಮಗುವಿಗೆ ಬಲ ಬಂದ ಹಾಗೆ ಲಿಂಬ್‌ಗಳನ್ನು ಮಾತ್ರ ಬದಲಾಯಿಸಿದರಾಯಿತು. ‘ಎರಡು ವರ್ಷ ಬರಬೇಕು’ ಎನ್ನುವ ಅಪ್ಪನ ಲೆಕ್ಕಕ್ಕೆ ಇಲ್ಲಿ ನ್ಯಾಯವಾದ ಉತ್ತರವಿದೆ. ಬಾಳಿಕೆ ಬರಬೇಕಾದದ್ದು ರೈಸರ್, ಬದಲಾಗುತ್ತ ಹೋಗಬೇಕಾದದ್ದು ಲಿಂಬ್.

ಆರಂಭದ ಬಿಲ್ಲುಗಳಲ್ಲಿ ರೈಸರ್ ಮರದ್ದು, ಲಿಂಬ್ ಮರದ ಮೇಲೆ ಫೈಬರ್‌ಗ್ಲಾಸ್ ಹೊದಿಸಿದ್ದು. ಕೆಲವು ತಿಂಗಳಿಗೆ ಇವು ಧಾರಾಳವಾಗಿ ಸಾಕು. ಮುಂದಿನ ಹಂತದಲ್ಲಿ ಲೋಹದ ರೈಸರ್ ಕೊಳ್ಳುವುದಾದರೆ ‘ಐ.ಎಲ್.ಎಫ್.’ ಎಂಬ ಜೋಡಣೆಯಿದೆಯೇ ಎಂದು ಕೇಳಬೇಕು. ಈ ಜೋಡಣೆಯಿದ್ದರೆ ಬೇರೆ ಬೇರೆ ಕಂಪನಿಗಳ ಲಿಂಬ್‌ಗಳೂ ಅದಕ್ಕೆ ಹೊಂದಿಕೊಳ್ಳುತ್ತವೆ. ಮೈದಾನದಲ್ಲಿ ಹಿರಿಯ ಹುಡುಗರು ಬಿಟ್ಟ ಹಳೆಯ ಲಿಂಬ್‌ಗಳನ್ನು ಕಡಿಮೆ ಬೆಲೆಗೆ ಕೊಳ್ಳಲೂಬಹುದು. ಕೊಳ್ಳುವಾಗ ಹೊರಮೈಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲವೇ, ಪಟ್ಟಿ ತಿರುಚಿಕೊಂಡಿಲ್ಲವೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹೆದೆಯನ್ನು ಮಾತ್ರ ಹೊಸದೇ ಹಾಕಿಸಬೇಕು.

ಬಾಣ, ಬೆರಳು, ತೋಳು

ಬಿಲ್ಲಿನ ಬಗ್ಗೆ ತಿಂಗಳು ಯೋಚಿಸಿದವರು ಬಾಣವನ್ನು ಐದು ನಿಮಿಷದಲ್ಲಿ ಕೊಂಡುಬಿಡುತ್ತಾರೆ. ನಿಜವಾಗಿ ಅಪಾಯವಿರುವುದು ಬಾಣದಲ್ಲೇ. ಬಾಣ ಮಗುವಿನ ಎಳೆತಕ್ಕಿಂತ ಗಿಡ್ಡವಾಗಿದ್ದರೆ ಎಳೆದಾಗ ತುದಿ ಬಿಲ್ಲಿನಿಂದ ಹಿಂದಕ್ಕೆ ಜಾರುತ್ತದೆ. ಆಗ ಹೆದೆ ಬಿಟ್ಟರೆ ಬಾಣ ಬಿಲ್ಲು ಹಿಡಿದ ಕೈಗೇ ನಾಟಬಹುದು. ಆದ್ದರಿಂದ ಹೊಸಬರ ಬಾಣ ಎಳೆತದ ಉದ್ದಕ್ಕಿಂತ ಎರಡು ಇಂಚಾದರೂ ಹೆಚ್ಚಿರಬೇಕು. ಸಮವಸ್ತ್ರದ ಲೆಕ್ಕ ಒಪ್ಪುವ ಒಂದೇ ಒಂದು ಜಾಗ ಇದು! ಬಾಣದ ಬಳುಕು ಬಿಲ್ಲಿನ ಭಾರಕ್ಕೆ ಹೊಂದಬೇಕು. ತೀರ ಗಡುಸಾದರೂ ತೀರ ಮೆದುವಾದರೂ ಅದು ಪಕ್ಕಕ್ಕೆ ಸರಿಯುತ್ತದೆ. ಒಂದೇ ಅಳತೆಯ ಆರೆಂಟು ಬಾಣಗಳು ಆರಂಭಕ್ಕೆ ಸಾಕು. ಕಾರ್ಬನ್ ಬಾಣವಾದರೆ ಪ್ರತಿ ಸಲ ಬಿಡುವ ಮುನ್ನ ಮೆಲ್ಲಗೆ ಬಾಗಿಸಿ ಕಿವಿಗೊಡಬೇಕು. ಚಿಟಚಿಟ ಸದ್ದು ಬಂದರೆ ಒಳಗೆ ಸೀಳಿದೆ ಎಂದರ್ಥ, ಅದನ್ನು ಎಸೆಯಬೇಕು. ಅದರ ಸಿಬಿರು ಕೈಗೆ ಹೊಕ್ಕರೆ ತೆಗೆಯುವುದು ಸುಲಭವಲ್ಲ.

ಬಿಲ್ಲು ತರಬೇತಿ ಕೇಂದ್ರದ್ದೇ ಆಗಿದ್ದರೂ ಮಗುವಿಗೆ ಸ್ವಂತದ್ದೇ ಬೇಕಾದ ಎರಡು ವಸ್ತುಗಳಿವೆ. ಒಂದು ಬೆರಳು ಕಾಯುವ ಚರ್ಮದ ಫಿಂಗರ್ ಟ್ಯಾಬ್. ಇನ್ನೊಂದು ಬಿಲ್ಲು ಹಿಡಿದ ತೋಳಿಗೆ ಹೆದೆಯ ಏಟು ತಾಗದಂತೆ ಕಟ್ಟುವ ಆರ್ಮ್ ಗಾರ್ಡ್. ಇವೆರಡೂ ಕೈಯಳತೆಗೆ ತಕ್ಕಂತಿರಬೇಕು, ಬೆಲೆಯೂ ಅಲ್ಪ. ಮೊದಲ ಖರ್ಚು ಇವಕ್ಕೇ ಆಗಲಿ. ತೋಳಿನ ಮೇಲೆ ಬಾಸುಂಡೆ ಎದ್ದ ಮಗು ಮರುದಿನ ಬಿಲ್ಲು ಹಿಡಿಯಲು ಹೆದರುತ್ತದೆ. ಹೆಣ್ಣುಮಕ್ಕಳು ಉದ್ದ ಜಡೆಯನ್ನು ಕಟ್ಟಿ, ದುಪಟ್ಟಾ ಮತ್ತು ಜೋಲುವ ಓಲೆ ತೆಗೆದಿಟ್ಟು ನಿಲ್ಲಬೇಕು. ಸಡಿಲ ಅಂಗಿ ಹೆದೆಗೆ ಸಿಗದಂತೆ ಎದೆಗೆ ಕಟ್ಟುವ ಗಾರ್ಡ್ ಕೂಡ ಸಿಗುತ್ತದೆ.

ಗುರಿ ತೋರುವ ಸೈಟ್, ತೂಕ ಹಂಚುವ ಉದ್ದನೆಯ ಸ್ಟೆಬಿಲೈಸರ್, ಕ್ಲಿಕರ್ ಇವೆಲ್ಲ ಟಿ.ವಿ.ಯಲ್ಲಿ ಚೆನ್ನಾಗಿ ಕಾಣುತ್ತವೆ. ಮೊದಲ ದಿನವೇ ಇವು ಬೇಕಿಲ್ಲ. ತರಬೇತುದಾರರು ಹೇಳಿದಾಗ ಒಂದೊಂದಾಗಿ ಬರಲಿ.

ಮನೆಗೆ ಬಂದ ಮೇಲೆ

ಬಿಲ್ಲು ಮನೆಗೆ ಬಂದ ದಿನ ಒಂದು ಅನಾಹುತ ಕಾದಿರುತ್ತದೆ. ನೋಡಲು ಬಂದ ನೆಂಟರು ‘ಎಲ್ಲಿ, ಕೊಡು ನೋಡೋಣ’ ಎಂದು ಬಾಣವಿಲ್ಲದೆ ಹೆದೆ ಎಳೆದು ಫಟ್ಟನೆ ಬಿಟ್ಟುಬಿಡುತ್ತಾರೆ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ ಲಿಂಬ್ ಬಿರುಕು ಬಿಡಬಹುದು, ಕಾಂಪೌಂಡ್ ಆದರೆ ಹುರಿ ಕಿತ್ತು ಮುಖಕ್ಕೆ ಹೊಡೆಯಬಹುದು. ಬರಿ ಹೆದೆ ಬಿಡಬಾರದು ಎಂಬ ಒಂದು ಮಾತನ್ನು ಮನೆಯವರೆಲ್ಲ ಕಲಿಯಬೇಕು. ರಿಕರ್ವ್‌ಗೆ ಹೆದೆ ಏರಿಸಲು ಸ್ಟ್ರಿಂಗರ್ ಎಂಬ ಹಗ್ಗವಿದೆ. ಅದನ್ನೇ ಬಳಸಬೇಕು. ತೊಡೆಗೆ ಒತ್ತಿ ಬಗ್ಗಿಸಿದರೆ ಲಿಂಬ್ ತಿರುಚಿಕೊಳ್ಳುತ್ತದೆ. ತುದಿಗಳು ಮುಂದಕ್ಕೆ ಬಾಗಿರಬೇಕು ಎಂಬುದನ್ನು ಮರೆತು ತಿರುವುಮುರುವಾಗಿ ಏರಿಸಿ ಬಿಲ್ಲು ಮುರಿದುಕೊಂಡವರೂ ಇದ್ದಾರೆ. ಅಭ್ಯಾಸ ಮುಗಿದ ಮೇಲೆ ಹೆದೆ ಇಳಿಸಿಡಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಲ್ಲು ಬಿಡಬಾರದು.

ತಾರಸಿಯ ಮೇಲೆ, ಮನೆಯ ಹಿಂದಿನ ಓಣಿಯಲ್ಲಿ ಬಾಣ ಬಿಡುವ ಆಸೆಗೆ ಕಟ್ಟುನಿಟ್ಟಾಗಿ ಇಲ್ಲ ಎನ್ನಬೇಕು. 20 ಪೌಂಡಿನ ಬಿಲ್ಲಿನಿಂದ ಹಾರಿದ ಬಾಣವೂ 100 ಮೀಟರ್ ದಾಟಿ ಹೋಗಬಲ್ಲದು. ಆಡಿದ ಮಾತು, ಬಿಟ್ಟ ಬಾಣ ಎರಡೂ ಹಿಂದಕ್ಕೆ ಬರುವುದಿಲ್ಲ. ಮೈದಾನದಲ್ಲಿ ಸೀಟಿ ಊದಿದ ಮೇಲೆ ಬಾಣ ಬಿಡುವುದು, ಮತ್ತೆ ಸೀಟಿ ಊದುವವರೆಗೂ ಗೆರೆ ದಾಟದಿರುವುದು, ಮೊದಲ ದಿನದಿಂದಲೇ ಮಗುವಿಗೆ ಉಸಿರಾಟದಷ್ಟು ಸಹಜವಾಗಬೇಕು.

ಹಣದ ಮಾತು

ಸ್ಪರ್ಧಾಮಟ್ಟದ ರಿಕರ್ವ್ ಅಥವಾ ಕಾಂಪೌಂಡ್ ಬಿಲ್ಲನ್ನು ಎಲ್ಲ ಸಲಕರಣೆಗಳ ಸಮೇತ ಕೊಳ್ಳುವಾಗ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಹೆಚ್ಚಿನವು ವಿದೇಶದಿಂದ ಬರುವಂಥವು. ಬಿದಿರಿನ ಬಿಲ್ಲಿನಲ್ಲಿ ಚೆನ್ನಾಗಿ ಪಳಗಿದ ಎಷ್ಟೋ ಹಳ್ಳಿಯ ಮಕ್ಕಳು ಈ ಬೆಲೆಯ ಎದುರಿಗೇ ನಿಂತುಬಿಡುತ್ತಾರೆ. ದಾಟಿದವರಲ್ಲಿ ದೀಪಿಕಾ ಕುಮಾರಿ ಒಬ್ಬರು. ರಾಂಚಿಯ ಬಳಿಯ ಆಟೋ ಚಾಲಕರ ಮಗಳು. ಕಲ್ಲೆಸೆದು ಮಾವಿನಕಾಯಿ ಕೆಡವುತ್ತಿದ್ದ, ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲು ಹಿಡಿದಿದ್ದ ಹುಡುಗಿ 2005ರಲ್ಲಿ ಖರಸಾವಾನ್‌ನ ಅಕಾಡೆಮಿಗೆ ಸೇರಿದರು. ಮರುವರ್ಷ ಜಮ್‌ಶೆಡ್‌ಪುರದ ಟಾಟಾ ಆರ್ಚರಿ ಅಕಾಡೆಮಿಯಲ್ಲಿ ಅವರಿಗೆ ಸರಿಯಾದ ಬಿಲ್ಲು ಸಿಕ್ಕಿತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು. 2012ರಿಂದ 2024ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಆಡಿದರು. ಅವರ ತಂದೆ-ತಾಯಿ ಆರಂಭದಲ್ಲೇ ಸಾಲ ಮಾಡಿ ದುಬಾರಿ ಬಿಲ್ಲು ತರಲಿಲ್ಲ. ಮಗಳನ್ನು ಕಲಿಸುವವರ ಬಳಿಗೆ ಕಳುಹಿಸಿದರು.

ಇದರಿಂದ ತಿಳಿಯಬೇಕಾದ್ದು ಇಷ್ಟೆ. ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಅದರ ದೊಡ್ಡ ಪಾಲು ಮೊದಲ ವರ್ಷ ಕಲಿಕೆಗೆ ಹೋಗಲಿ, ಸಣ್ಣ ಪಾಲು ಬಿಲ್ಲಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಇಲ್ಲಿ ನಷ್ಟವೇನೂ ಇಲ್ಲ. ದುಬಾರಿ ಬಿಲ್ಲು ತಂದ ಮನೆಯಲ್ಲಿ ಇನ್ನೊಂದು ಭಾರವೂ ಸೇರಿಕೊಳ್ಳುತ್ತದೆ. ‘ಇಷ್ಟು ಖರ್ಚು ಮಾಡಿದ್ದೇವೆ, ಪದಕ ಎಲ್ಲಿ? ಕ್ರೀಡಾ ಕೋಟಾದ ಸೀಟು ಎಲ್ಲಿ?’ ಎಂಬ ಮಾತು ಊಟದ ಹೊತ್ತಿಗೆಲ್ಲ ಬರತೊಡಗುತ್ತದೆ. ಪೌಂಡಿನಲ್ಲಿ ಅಳೆಯಲಾಗದ ಆ ಭಾರವನ್ನು ಎಳೆಯಲು ಮಗುವಿಗೆ ಯಾವ ತರಬೇತುದಾರರೂ ಕಲಿಸುವುದಿಲ್ಲ.

ಈ ಭಾನುವಾರ ಬಿಲ್ಲು ಕೊಳ್ಳಲು ಹೊರಟ ಮನೆಯವರು ಅಂಗಡಿಯ ಬದಲು ಹತ್ತಿರದ ತರಬೇತಿ ಮೈದಾನಕ್ಕೆ ಹೋಗಿಬರಲಿ. ಮಗು ಅಲ್ಲಿನ ಹಗುರ ಬಿಲ್ಲೊಂದನ್ನು ಎಳೆದು ನೋಡಲಿ. ತೋಳಿನ ಅಳತೆ, ಯಜಮಾನ ಕಣ್ಣು, ನಡುಗದೆ ಹಿಡಿಯಬಲ್ಲ ಭಾರ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಮೂರು ತಿಂಗಳ ಮೇಲೆ ಮತ್ತೊಮ್ಮೆ ಅಳೆದು, ತರಬೇತುದಾರರಿಗೆ ತೋರಿಸಿ, ಆ ಚೀಟಿ ಹಿಡಿದು ಅಂಗಡಿಗೆ ಹೋದರೆ ಸಾಕು. ಅಷ್ಟರಲ್ಲಿ ಮಗುವಿಗೇ ತನಗೆ ಬೇಕಾದ ಬಿಲ್ಲು ಯಾವುದೆಂದು ಅಂಗಡಿಯವರಿಗಿಂತ ಚೆನ್ನಾಗಿ ಗೊತ್ತಾಗಿರುತ್ತದೆ.